ಕರೂರಿನ ಕಟ್ಟೆಯ ತೀರ್ಪು

ಕರೂರಿನ ಹುಲುಗಪ್ಪ, ಹೊನ್ನೂರಮ್ಮ ಮೊದಮೊದಲು ಚೆನ್ನಾಗಿಯೇ ಬಾಳಿದರು. ಗದ್ದೆಯಿಂದ ಬಂದವನೇ ಅವನು ಮಗಳು ಊರಮ್ಮನನ್ನು ಹೆಗಲೇರಿಸಿಕೊಳ್ಳುತ್ತಿದ್ದ. ರೊಟ್ಟಿ ಬಡಿಯುತ್ತಲೇ ಹೊನ್ನೂರಮ್ಮ ನಗುತ್ತಿದ್ದಳು. ಆಮೇಲೆ ಅತ್ತೆ ಸೊಸೆಯರ ಮಾತು ಬೆಳೆದು, ಗಂಡನೂ ಕೈ ಮಾಡಿ, ೧೯೪೮ರ ಸುಗ್ಗಿ ಮುಗಿಯುವಷ್ಟರಲ್ಲಿ ಇಬ್ಬರೂ ಮದುವೆಯಿಂದ ಬಿಡುಗಡೆ ಕೇಳಿಕೊಂಡು ನಮ್ಮ ಕುಲದ ನ್ಯಾಯದ ಕಟ್ಟೆಗೆ ಬಂದರು. ಕಟ್ಟೆಯ ಹಿರಿಯ ನಾನು, ಅಯ್ಯಣ್ಣ.

ಬಿಡುಗಡೆಯಾದರೆ ಕೂಸು ತಂದೆಯ ಮನೆಗೆ ಸೇರಬೇಕು, ತಾಯಿ ಮತ್ತೆ ಅದರ ಮುಖ ನೋಡಕೂಡದು. ಇದು ನಮ್ಮ ಕಟ್ಟಳೆ.

"ಯಪ್ಪಾ, ನಾಕು ವರ್ಸದ ಕೂಸು. ನಾನಿಲ್ದ ಉಣ್ಣಂಗಿಲ್ಲ," ಎಂದು ಹೊನ್ನೂರಮ್ಮ ನನ್ನ ಕಾಲು ಹಿಡಿದಳು.

"ಕುಲ ಅಪ್ಪಂದು, ಕೂಸೂ ಅಪ್ಪಂದು. ಹಿರೇರು ಮಾಡಿದ್ದನ್ನ ನಾ ಮುರೀಲೇನು?" ಎಂದೆ. ಅಷ್ಟಕ್ಕೇ ಬಿಡದೆ ಹುಲುಗಪ್ಪನನ್ನು ಬದಿಗೆ ಕರೆದು, "ಕೂಸು ಕೇಳಿದ್ರ ತಾಯಿ ಸತ್ತಾಳ ಅನ್ನು. ಮರೀತೈತಿ," ಎಂದು ಹೇಳಿಕೊಟ್ಟೆ.

ಹೊನ್ನೂರಮ್ಮ ತವರೂರು ಸಿರಿಗೇರಿಗೆ ಹೋದಳು. ಊರಮ್ಮ ಮರೆಯಲಿಲ್ಲ. ಮಾತೇ ನಿಲ್ಲಿಸಿದಳು. ಮೈ ಕಡ್ಡಿಯಾಯಿತು. ಬಾವಿಗೆ ಬರುವ ಹೆಂಗಸರ ಮುಖವನ್ನು ಒಂದೊಂದಾಗಿ ನೋಡುತ್ತ ಕೂತಿರುತ್ತಿದ್ದಳು. ನಾನು ಆ ದಾರಿಯಲ್ಲಿ ಓಡಾಡುವುದನ್ನೇ ಬಿಟ್ಟೆ.

ಎಂಟು ತಿಂಗಳಾದ ಮೇಲೆ, ಊರಮ್ಮ ಹುಟ್ಟಿದಾಗ ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ಜೋಗಮ್ಮ ನನ್ನ ಬಾಗಿಲಿಗೆ ಬಂದಳು.

"ಗಂಡ ಹೆಂಡ್ತಿ ಕೂಡಿ ಬಾಳೂದು ಬ್ಯಾಡ್ರಿ. ಕೂಸಿನ ಸಲುವಾಗಿ ಒಂದು ತಾಸು ಎದುರಾಬದುರಾ ಕೂಡ್ಲಿ. ತೀರ್ಪು ನೀವೂ ಹೇಳಬ್ಯಾಡ್ರಿ, ನಾನೂ ಹೇಳಂಗಿಲ್ಲ. ಅವ್ರೇ ಹೇಳ್ಲಿ."

"ಕಟ್ಟಿ ಮಾತು ಸುಳ್ಳಾಗಬೇಕೇನು?"

"ಮತ್ತ ಕೂಸು ಸಾಯ್ಲೇನ್ರಿ?"

"ಹಂಗಾರ ಕೂಡ್ಸು," ಎಂದೆ.

ಜೋಗಮ್ಮ ಇಬ್ಬರನ್ನೂ ಬೇರೆಬೇರೆಯಾಗಿ ಮಾತಾಡಿಸಿದಳು. ಅದಕ್ಕಾಗಿ ಸಿರಿಗೇರಿಗೆ ಮೂರು ಸಲ ಹೋಗಿಬಂದಳು. ಕೊನೆಗೆ ತನ್ನ ಪಡಸಾಲೆಯಲ್ಲಿ ಕೂರಿಸಿದಳು. ನಾನು ಮೂಲೆಯಲ್ಲಿದ್ದೆ. ಹಳೆಯ ಜಗಳ ಎದ್ದಾಗಲೆಲ್ಲ ಜೋಗಮ್ಮ, "ಅದು ನಿಮ್ದು. ಕೂಸಿಂದು ಹೇಳ್ರಿ," ಎನ್ನುತ್ತಿದ್ದಳು.

ಹುಲುಗಪ್ಪ ತಲೆ ತಗ್ಗಿಸಿ, "ನನ್ನ ಕೈಯಾಗ ಉಣ್ಣವಲ್ದು, ನಮ್ಮವ್ವನ್ನ ಹತ್ರಾನೂ ಬಿಡವಲ್ದು. ತಲಿ ಬಾಚಾಕೂ ನನಗ ಬರಂಗಿಲ್ಲ," ಎಂದ.

"ವಾರಕ್ಕೊಮ್ಮಿ ಬಂದು ನೋಡು. ಅಪ್ಪ ಇಲ್ಲ ಅಂತ ನಾ ಹೇಳಂಗಿಲ್ಲ," ಎಂದಳು ಹೊನ್ನೂರಮ್ಮ.

ಹುಡುಗಿ ತಾಯಿಯ ಬಳಿ ಇರಲಿ, ಹಬ್ಬಕ್ಕೆ ಸುಗ್ಗಿಗೆ ಅಪ್ಪನ ಮನೆಗೆ ಬರಲಿ ಎಂದು ಇಬ್ಬರೂ ಒಪ್ಪಿದರು.

ಊರಮ್ಮನನ್ನು ಕರೆತಂದರು. ಅವಳು ಓಡಿಬರಲಿಲ್ಲ. ಬಾಗಿಲಲ್ಲೇ ನಿಂತು, "ಯವ್ವಾ, ನೀ ಸತ್ತೀ ಅಂದ್ರಲ್ಲ?" ಎಂದಳು.

ಹುಲುಗಪ್ಪ ನನ್ನ ಹೆಸರೆತ್ತಲಿಲ್ಲ. ಅದು ಇನ್ನೂ ಚುಚ್ಚಿತು.

"ಸುಳ್ಳು ಹೇಳ್ಸಿದಾವ ನಾನವ್ವ," ಎಂದೆ.

ಅವಳು ನನ್ನನ್ನು ದಿಟ್ಟಿಸಿ ನೋಡಿ, ತಾಯಿಯ ಬೆನ್ನ ಹಿಂದೆ ಸರಿದಳು.

ಮರುವರ್ಷ ಇಂಥದೇ ಇನ್ನೊಂದು ಬಿಡುಗಡೆ ಬಂದಾಗ ನಾನು ಕಟ್ಟೆ ಏರಲಿಲ್ಲ. "ಕೂಸನ್ನ ಕಿತ್ತುಕೊಡೋ ಕೆಲಸ ನನ್ನಿಂದಾಗಂಗಿಲ್ಲ. ಜೋಗಮ್ಮನ್ನ ಕರೀರಿ," ಎಂದೆ. ಕುಲದವರು ಬೈದರು, ಬೈಯಲಿ. ಇಪ್ಪತ್ತು ವರ್ಷ ಆ ಕಟ್ಟೆಯ ಮೇಲೆ ಕೂತು ಎಷ್ಟು ಕೂಸುಗಳನ್ನು ತಾಯಂದಿರಿಂದ ಕಿತ್ತೆನೋ! ಅವುಗಳ ಹೆಸರನ್ನಾದರೂ ನಾನು ಕೇಳಿರಲಿಲ್ಲ.