ಯಾರದೂ ಅಲ್ಲದ ಕರೆಂಟು

ಜೆನಿವಾಲ್ ಮಾಡುವ ಕೆಲಸ ಏನೆಂದು ಕೇರಿಯವರು ಕೇಳಿದರೆ ಅವನ ತಾಯಿ ಲಿಂದಾಲ್ವಾ, "ಕಂಪ್ಯೂಟರಿಗೆ ಕರೆಂಟು ಎಲ್ಲಿಂದ ಬರತ್ತೆ ಅಂತ ಕಂಪ್ಯೂಟರಿಗೇ ಹೇಳ್ಕೊಡ್ತಾನಂತೆ. ಅದಕ್ಕೂ ಸಂಬಳ ಕೊಡೋರಿದಾರೆ ನೋಡಿ!" ಎಂದು ನಗುತ್ತಿದ್ದಳು. ಕಂಪೀನ ಗ್ರಾಂಜಿ ಊರಿನ ಸಂತೆಯಲ್ಲಿ ಇಡೀ ಆಯುಷ್ಯ ಮರಗೆಣಸಿನ ಹಿಟ್ಟಿನ ತಪಿಯೋಕಾ ರೊಟ್ಟಿ ಮಾರಿದ ಹೆಂಗಸು, ಹೇಳಿದ್ದು ಮಾತ್ರ ಸರಿಯಾಗಿಯೇ ಇತ್ತು. ಕಂಪ್ಯೂಟರಿನ ಬೋರ್ಡಿಗೆ ಕ್ಯಾಮೆರಾ, ಸ್ಪೀಕರು, ಪರದೆ ಎಲ್ಲ ಸೇರಿರುತ್ತವೆ. ಯಾವುದಕ್ಕೆ ಯಾವ ದಾರಿಯಿಂದ ಕರೆಂಟು ಎಂದು ಅವನು ಬರೆದುಕೊಟ್ಟರೆ, ಆಪರೇಟಿಂಗ್ ಸಿಸ್ಟಮ್ ಅದನ್ನು ಓದಿಕೊಂಡು ಸಂಸಾರ ನಡೆಸುತ್ತದೆ.

ಹಾಗೆ ನಗುತ್ತಿದ್ದ ಬಾಯಿಗೇ ರೋಗ ಬಡಿಯಿತು. ಮೊದಲು ಕೈ ಹೋಯಿತು, ಆಮೇಲೆ ಮಾತು. ಆಡುವುದೆಂದರೆ ಕಣ್ಣೊಂದೇ. ಜೆನಿವಾಲ್ ಹಟಕ್ಕೆ ಬಿದ್ದು ಒಂದು ಯಂತ್ರ ಜೋಡಿಸಿದ. ಪರದೆಯ ಮೇಲೆ ಅಕ್ಷರಗಳು, ಕೆಳಗೆ ಕ್ಯಾಮೆರಾ, ಪಕ್ಕದಲ್ಲಿ ಮಂದಗೆಂಪಿನ ಪುಟ್ಟ ದೀಪ. ದೀಪದ ಮಿನುಗು ಕಣ್ಣಲ್ಲಿ ಬಿದ್ದರೆ ಅವಳು ಯಾವ ಅಕ್ಷರ ನೋಡುತ್ತಿದ್ದಾಳೆಂದು ಕ್ಯಾಮೆರಾಗೆ ತಿಳಿಯುತ್ತದೆ. ಬರೆದದ್ದನ್ನು ಯಂತ್ರದೊಳಗಿನ ಹೆಣ್ಣುದನಿ ಓದಿ ಹೇಳುತ್ತದೆ.

ಆ ದನಿಯಲ್ಲಿ ಅವಳು ಆಡಿದ ಮೊದಲ ಮಾತು, "ಕಾಫಿ ತಣ್ಣಗಿದೆ."

ತಂಗಿ ಎಡಿವಾನಿಯ ಅಳುತ್ತಳುತ್ತಲೇ ನಕ್ಕಳು. "ನೋಡಣ್ಣಾ, ಬಾಯಿ ಬರೋದೇ ತಡ, ಬೈಗುಳ ಶುರು!"

ಎರಡನೆಯ ಮಾತು ಅರ್ಧಕ್ಕೇ ನಿಂತಿತು. ದೀಪ ಆರಿಹೋಗಿತ್ತು.

ಕಾರಣ ಜೆನಿವಾಲ್‌ಗೆ ತಕ್ಷಣ ಹೊಳೆಯಿತು. ಯಂತ್ರ ಎದ್ದ ಅರ್ಧ ನಿಮಿಷಕ್ಕೆ ಸಿಸ್ಟಮ್ ಒಮ್ಮೆ ಮನೆಯ ಯಜಮಾನನಂತೆ ಬೋರ್ಡೆಲ್ಲ ಸುತ್ತಿ ನೋಡುತ್ತದೆ. ಯಾವ ಕರೆಂಟನ್ನು "ಇದು ನನ್ನದು" ಎಂದು ಯಾರೂ ಹೇಳುವುದಿಲ್ಲವೋ ಅದನ್ನು ದಂಡವೆಂದು ಮುಚ್ಚಿಬಿಡುತ್ತದೆ. ದೀಪಕ್ಕೆ ಕರೆಂಟು ಯಾವ ದಾರಿಯಿಂದ ಬರುತ್ತದೆಂದು ಅವನು ಬರೆದಿರಲಿಲ್ಲ, ಬರೆಯಲು ಗೊತ್ತಿರಲಿಲ್ಲ. ಬೋರ್ಡು ಮಾಡಿದವರಿಗೆ ನಕ್ಷೆ ಕಳಿಸಿ ಎಂದು ಕೇಳಿಕೊಂಡ. ಅವರು ಇವತ್ತು, ನಾಳೆ ಎನ್ನುತ್ತಲೇ ಇದ್ದರು.

"ಅಲ್ಲೀತನಕ ಯಾವುದನ್ನೂ ಆರಿಸ್ಬೇಡ ಅಂತ ಬರೆಯೋಕಾಗಲ್ವಾ?" ಎಂದಳು ಎಡಿವಾನಿಯ.

"ಆಗತ್ತೆ. ಒಂದೊಂದಕ್ಕೂ 'ಇದು ಯಾವಾಗ್ಲೂ ಬೇಕು' ಅಂತ ಒಂದು ಸಾಲು, ಅಷ್ಟೆ."

"ಮತ್ತೆ ಬರಿ ಮಾರಾಯ!"

"ಅದು ಸುಳ್ಳು ಕಣೇ. ಗೊತ್ತಿಲ್ಲ ಅನ್ನೋದನ್ನ ಮುಚ್ಚಿಡೋಕೆ ಬರೆಯೋ ಸಾಲು. ಆಫೀಸಲ್ಲಿ ಹಾಗೆ ಬರೆದು ತಂದೋರನ್ನ ನಾನೇ ಬೈದು ವಾಪಸ್ ಕಳಿಸಿದೀನಿ. ನಕ್ಷೆ ಬರ್ಲಿ, ನೆಟ್ಟಗೆ ಬರೀತೀನಿ."

ಅಯ್ಯೋ, ಅಮ್ಮನ ಮಂಚದ ಪಕ್ಕದ ಯಂತ್ರವನ್ನು ತಪಾಸಣೆ ಮಾಡಲು ಯಾವ ದೊಡ್ಡ ಮನುಷ್ಯ ಬರುವವನಿದ್ದ! ಆದರೂ ಅವನಿಗೆ ಕೈ ಬರಲಿಲ್ಲ. ಕೆಲಸದ ಅಚ್ಚುಕಟ್ಟುತನ ಎಂದುಕೊಂಡ. ಬರೀ ಜಂಬ.

ಅಂತೂ ಲಿಂದಾಲ್ವಾ ಅರ್ಧ ನಿಮಿಷಗಳಲ್ಲೇ ಬದುಕಲು ಕಲಿತಳು. ದೀಪ ಆರಿದರೆ ಎಡಿವಾನಿಯ ಯಂತ್ರ ಆರಿಸಿ ಮತ್ತೆ ಎಬ್ಬಿಸುತ್ತಿದ್ದಳು. ಬರೆದಷ್ಟು ಪರದೆಯ ಮೇಲೆ ಉಳಿದಿರುತ್ತಿತ್ತು, ಅಮ್ಮ ಅಲ್ಲಿಂದಲೇ ಮುಂದುವರಿಸುತ್ತಿದ್ದಳು. ಮೈ ತುರಿಕೆ, ಕಿಟಕಿ ಹಾಕು, ಪಕ್ಕದ ಮನೆಯವಳ ಬಣ್ಣ ಹಚ್ಚಿದ ಕೂದಲು, ಎಲ್ಲ ಕಂತಿನಲ್ಲಿ. ನಾಲ್ಕು ಸಲ ಎಬ್ಬಿಸುವಷ್ಟರಲ್ಲಿ ಅವಳ ಕಣ್ಣು ಸೋತುಹೋಗುತ್ತಿತ್ತು.

ಬೀದಿಬೀದಿಯಲ್ಲಿ ಬೆಂಕಿ ಹಾಕುವ ಸಾಂವ್ ಜುವಾಂವ್ ಹಬ್ಬದ ಹಿಂದಿನ ಸಂಜೆ ಬೀದಿಯವರೆಲ್ಲ ಮನೆ ಮುಂದೆ ಸೌದೆ ಒಟ್ಟುತ್ತಿದ್ದರು. ಜೆನಿವಾಲ್ ಜೋಳದ ಪಾಯಸ ಹಿಡಿದು ಒಳಗೆ ಬಂದ. ಅಮ್ಮ ಕಣ್ಣಲ್ಲೇ ಯಂತ್ರ ತೋರಿಸಿದಳು.

"ನಿನ್ನಪ್ಪನ ವಿಷಯ ಹೇಳಬೇಕು" ಎಂದಿತು ಹೆಣ್ಣುದನಿ. ದೀಪ ಆರಿತು.

ಜೆನಿವಾಲ್ ಬಟ್ಟಲನ್ನು ಮಂಚದ ಪಕ್ಕ ಇಟ್ಟ. ಅಪ್ಪ ಲಾರಿ ಹತ್ತಿ ದಕ್ಷಿಣಕ್ಕೆ ಹೋದಾಗ ಅವನಿನ್ನೂ ಹಲ್ಲು ಬೀಳುವ ಹುಡುಗ. ಆಮೇಲೆ ಆ ಮನೆಯಲ್ಲಿ ಅಪ್ಪನ ಹೆಸರೆತ್ತುವಂತಿರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳಿ ಕೇಳಿ ಪೆಟ್ಟು ತಿಂದು ಸುಮ್ಮನಾಗಿದ್ದ. ಬಾಯಿ ಸುಮ್ಮನಾಗಿತ್ತು, ಆಸೆ ಸುಮ್ಮನಾಗಿರಲಿಲ್ಲ.

ಎಡಿವಾನಿಯ ಓಡಿ ಯಂತ್ರ ಎಬ್ಬಿಸಿದಳು. ಅಮ್ಮನ ಕಣ್ಣು ಅಕ್ಷರದಿಂದ ಅಕ್ಷರಕ್ಕೆ ತೆವಳಿತು.

"ಅವನು ವಾಪಸ್ ಬಂದಿದ್ದ. ನಾನೇ"

ದೀಪ ಆರಿತು.

"ಬರಿಯೋ ಆ ಸಾಲನ್ನ!" ಎಡಿವಾನಿಯ ಕಿರುಚಿದಳು. "ಸುಳ್ಳೋ ನಿಜವೋ, ಬರಿ!"

ಅವನು ನೆಲದ ಮೇಲೇ ಕೂತು ಬರೆದ. ಬರೆಯಲು ಹಿಡಿದದ್ದು ಒಂದು ಬಟ್ಟಲು ಪಾಯಸ ತಣಿಯುವಷ್ಟು ಹೊತ್ತು. ಯಂತ್ರ ಎದ್ದಿತು, ಅರ್ಧ ನಿಮಿಷ ಕಳೆಯಿತು, ಇನ್ನರ್ಧ ಕಳೆಯಿತು. ದೀಪ ಉರಿಯುತ್ತಲೇ ಇತ್ತು. ಅಮ್ಮನ ಕಣ್ಣು ಮುಚ್ಚಿಹೋಗಿತ್ತು.

"ಎಬ್ಬಿಸ್ಬೇಡ, ಸುಸ್ತಾಗಿದಾಳೆ" ಎಂದ ಜೆನಿವಾಲ್. "ಬೆಳಗ್ಗೆ ಎಷ್ಟು ಹೊತ್ತು ಬೇಕಾದ್ರೂ ಹೇಳ್ಲಿ. ಇನ್ನು ಆರಲ್ಲ."

ಕತ್ತಲಾಗುತ್ತಲೇ ಬೀದಿಯುದ್ದಕ್ಕೂ ಬೆಂಕಿ ಹಚ್ಚಿದರು. ಕಿಟಕಿ ಹಾಕಿದರೂ ಹೊಗೆ ನುಗ್ಗಿತು. ಲಿಂದಾಲ್ವಾಗೆ ಉಸಿರು ಕಟ್ಟಿತು. ಪಟಾಕಿಗಳ ನಡುವೆ ಆಂಬ್ಯುಲೆನ್ಸ್ ದಾರಿ ಮಾಡಿಕೊಂಡು ಆಸ್ಪತ್ರೆ ಮುಟ್ಟಿತು. ಹಬ್ಬದ ದಿನ ಮಧ್ಯಾಹ್ನ ಅವಳು ಹೋದಳು, ಕಣ್ಣು ಬಿಡಲಿಲ್ಲ.

ಮಣ್ಣು ಮಾಡಿ ಅಣ್ಣತಂಗಿ ಮನೆಗೆ ಬಂದಾಗ ಕೋಣೆಯಲ್ಲಿ ಯಾರೋ ಮಾತಾಡುತ್ತಿದ್ದರು. ಎಡಿವಾನಿಯ ಬಾಗಿಲಲ್ಲೇ ನಿಂತಳು. ಅದು ಕಾಫಿ ತಣ್ಣಗಿದೆ ಎಂದ ದನಿ.

"ಕಣ್ಣು ಕಾಣುತ್ತಿಲ್ಲ. ದಯವಿಟ್ಟು ಇತ್ತ ನೋಡಿ."

ದೀಪ ಉರಿಯುತ್ತಿತ್ತು. ದೀಪವಿದ್ದೂ ಬಹಳ ಹೊತ್ತು ಕಣ್ಣು ಸಿಗದಿದ್ದರೆ ಯಂತ್ರ ತಾನಾಗಿಯೇ ಹೀಗೆ ಕರೆಯುತ್ತಿತ್ತು, ಇಷ್ಟು ದಿನ ದೀಪ ಅಷ್ಟು ಹೊತ್ತು ಉರಿದೇ ಇರಲಿಲ್ಲ. ಪರದೆಯ ಮೇಲೆ "ನಾನೇ" ಎಂಬುದರ ಪಕ್ಕ ಪುಟ್ಟ ಗೆರೆಯೊಂದು ಮಿಟುಕುತ್ತ ಮುಂದಿನ ಅಕ್ಷರಕ್ಕೆ ಕಾಯುತ್ತಿತ್ತು. ನಾನೇ ಓಡಿಸಿದೆ ಎನ್ನುವವಳಿದ್ದಳೋ, ನಾನೇ ಬಾಗಿಲು ತೆಗೆಯಲಿಲ್ಲ ಎನ್ನುವವಳಿದ್ದಳೋ.

"ಆರಿಸ್ಲಾ ಅಣ್ಣಾ?"

"ಬೇಡ ಕಣೇ."

ಅವನು ಅಮ್ಮನ ದಿಂಬಿಗೆ ಒರಗಿ ಪರದೆಯತ್ತ ನೋಡಿದ. ಕಣ್ಣು ತುಂಬಿ ಹರಿಯುತ್ತಿತ್ತು, ಕ್ಯಾಮೆರಾಗೆ ಆ ಕಣ್ಣೂ ಸಿಗಲಿಲ್ಲ.

"ಕಣ್ಣು ಕಾಣುತ್ತಿಲ್ಲ" ಎಂದಿತು ದನಿ. "ದಯವಿಟ್ಟು ಇತ್ತ ನೋಡಿ."