ಮಲ್ಲೇಶ್ವರದವರು ಕೂಗಿದ ಕುಂಬಳಕಾಯಿ

ಕಾಗೆಗೆ ಅದರದೇ ಗೂಡನ್ನು ಹರಾಜಿನಲ್ಲಿ ಮಾರಿದ ಗಂಡಸು ಇಡೀ ಭೂಮಂಡಲದಲ್ಲಿ ಒಬ್ಬನೇ. ಅವನು ಚಾಮರಾಜಪೇಟೆಯ ಜಯಶೀಲಪ್ಪ. ಕಾಗೆ ಚೌಕಾಸಿಗೆ ನಿಂತಿತಂತೆ. ಇವನು ಒಂದು ಕಾಸೂ ಬಿಡಲಿಲ್ಲವಂತೆ. ಅವನು ಗಂಟಲು ಸರಿಮಾಡಿಕೊಂಡರೆ ಸಾಕು, ಗಾಂಧಿ ಬಜಾರಿನಲ್ಲಿ ಮಲ್ಲಿಗೆಯ ಬೆಲೆ ಏರುತ್ತದೆ, ಬಿನ್ನಿಪೇಟೆಯಲ್ಲಿ ಮಲಗಿದ ಕೂಸುಗಳು ಎದ್ದು ಕೂರುತ್ತವೆ. ಇದಕ್ಕೆಲ್ಲ ಸಾಕ್ಷಿ ಜಯಶೀಲಪ್ಪನೇ.

ಇಂಥವನು ತಮ್ಮ ಚರ್ಚಿನ ಸುಗ್ಗಿ ಹಬ್ಬಕ್ಕೆ ಹರಾಜುಗಾರನಾಗಿ ಸಿಕ್ಕಿದ್ದು ಸಭೆಯ ಭಾಗ್ಯವೆಂದು ಅವನ ನಂಬಿಕೆ. ಆರಾಧನೆ ಮುಗಿದ ಮೇಲೆ, ಜನ ಕಾಣಿಕೆಯಾಗಿ ತಂದ ಬಾಳೆಗೊನೆ, ಕೇಕು, ಕಾಲು ಕಟ್ಟಿದ ಹುಂಜಗಳನ್ನು ಕೂಗಿ ಮಾರುವುದು ಪದ್ಧತಿ. ಬಂದ ಹಣ ಸಭೆಯ ನಿಧಿಗೆ.

ಈ ವರ್ಷ ಅದರ ಮೇಲೆ ಜಗಳ ಬಿತ್ತು. ಸಭೆಯ ಸುಗುಣಮ್ಮ ದೊಡ್ಡಾಸ್ಪತ್ರೆಯ ಹತ್ತಿರ ‘ಆಸರೆ’ ಎಂಬ ಸ್ವತಂತ್ರ ಟ್ರಸ್ಟ್ ನಡೆಸುತ್ತಿದ್ದರು. ರೋಗಿಗಳ ಕಡೆಯವರಿಗೆ ಮಲಗಲು ಚಾಪೆ, ಬೇಕೆಂದವರಿಗೆ ಪ್ರಾರ್ಥನೆ. ಬಾಡಿಗೆ ಏರಿತ್ತು. ಸಭೆ ಕೈ ಹಿಡಿಯದಿದ್ದರೆ ಆ ಮನೆಗೆ ಬೀಗವೇ ಗತಿ.

“ಆ ಟ್ರಸ್ಟು ನಮ್ಮ ಕೈಕೆಳಗಿಲ್ವಲ್ಲಮ್ಮ,” ಎಂದರು ಕಾರ್ಯದರ್ಶಿ ಸತ್ಯನಾಥ್. ಪೇಟೆಯಲ್ಲಿ ಎರಡು ಕಟ್ಟಡಗಳ ಒಡೆಯರು. “ಕಾಣಿಕೆ ಕೊಡೋರು ನಾವು. ನಾಳೆ ನೀವೇನೋ ಎಡವಟ್ಟು ಮಾಡ್ಕೊಂಡ್ರೆ ಬೈಸ್ಕೊಳ್ಳೋರೂ ನಾವೇನಾ?”

“ನಿಮ್ ಕೈಕೆಳಗಿಲ್ಲ ಅಂತಾನೇ ಕೆಲ್ಸ ನಡೀತಿದೆ ಸತ್ಯಣ್ಣ. ಕಮಿಟಿಗೆ ಕೊಟ್ರೆ ಒಂದು ಚಾಪೆ ತರೋಕೆ ಉಪಸಮಿತಿ ಮಾಡ್ತೀರಿ.”

ಪಾಸ್ಟರ್ ಅಯ್ಯನವರಿಗೆ ಇಬ್ಬರೂ ಬೇಕು. “ಒಂದೇ ಒಂದು ಕುಂಬಳಕಾಯಿ ಆಸರೆ ಹೆಸರಲ್ಲಿ ಕೂಗೋಣ. ಸಭೆಯ ಮನಸ್ಸೇನು ಅಂತ ಅದೇ ಹೇಳ್ಲಿ,” ಎಂದು ಜಾರಿಕೊಂಡರು.

ಜಯಶೀಲಪ್ಪ ಕುಂಬಳಕಾಯಿ ಎತ್ತಿ ಹಿಡಿದ. ಬೆಲೆ ಕೂಗಲು ಯಾರೂ ಮುಂದೆ ಬರಲಿಲ್ಲ. ಅಷ್ಟುಹೊತ್ತು ಕಿರುಚುತ್ತಿದ್ದ ಹುಂಜ ಕೂಡ ಬಾಯಿ ಮುಚ್ಚಿತು. ಎಲ್ಲರ ಕಣ್ಣು ಸತ್ಯನಾಥರ ಮೇಲೆ, ಸತ್ಯನಾಥರ ಕಣ್ಣು ಫ್ಯಾನಿನ ಮೇಲೆ. ಸುಗುಣಮ್ಮ ತಲೆ ತಗ್ಗಿಸಿದರು. ಜಯಶೀಲಪ್ಪನ ನಾಲಿಗೆ ಅವನನ್ನು ಕೇಳದೆಯೇ ಹೊರಟಿತು.

“ಐನೂರು! ಮೇಲೆ ಗ್ಯಾಲರೀಲಿ, ಕಂಬದ ಹಿಂದೆ! ಮಲ್ಲೇಶ್ವರದ ಸಭೆಯೋರು!”

ಮಲ್ಲೇಶ್ವರ! ಕ್ರಿಸ್‌ಮಸ್ ಗಾಯನ ಸ್ಪರ್ಧೆಯ ಕಪ್ಪು ಹೊತ್ತುಕೊಂಡು ಹೋದವರು, ಹೋಗುವಾಗ ನಕ್ಕವರು ಬೇರೆ!

“ಸಾವಿರ!” ಹಿಂದಿನಿಂದ ಯಾರೋ ಎದ್ದರು.

“ಮಲ್ಲೇಶ್ವರ ಎರಡು ಸಾವಿರ!”

“ನಮ್ ಕುಂಬಳಕಾಯಿ ಮಲ್ಲೇಶ್ವರದ ಸಂಪಿಗೆ ರಸ್ತೇಲಿ ಹುಳಿ ಆಗ್ಬಾರ್ದು ಕಣ್ರೀ, ಕೂಗ್ರೀ!” ಎಂದು ಹೆಂಗಸರು ಗಂಡಂದಿರನ್ನು ತಿವಿದರು. ಕುಂಬಳಕಾಯಿ ಸೀಮೆಹಸುವಿನ ಬೆಲೆ ಮುಟ್ಟಿತು, ದಾಟಿತು. ಕೊನೆಗೆ ಸತ್ಯನಾಥರೇ ಎದ್ದು ನಿಂತು ಗರ್ಜಿಸಿದರು: “ಆ ಮನೆಯ ಒಂದು ವರ್ಷದ ಬಾಡಿಗೆ! ಸಭೆಯ ಕಾಣಿಕೆಯಿಂದಲ್ಲ, ನನ್ನ ಜೇಬಿಂದ! ಅವ್ರಿಗೆ ಮಾತ್ರ ಬಿಡಲ್ಲ!”

“ಒಂದು ಸಲ, ಎರಡು ಸಲ, ಮೂರು ಸಲ!” ಜಯಶೀಲಪ್ಪ ಕುಂಬಳಕಾಯಿಯನ್ನು ಸತ್ಯನಾಥರ ತೋಳಿಗಿಟ್ಟ.

ಸುಗುಣಮ್ಮ ಕಣ್ಣೊರೆಸಿಕೊಂಡು, ಬೆಲೆಯನ್ನು ಇಷ್ಟು ಎತ್ತರಕ್ಕೆ ಏರಿಸಿದ ಮಲ್ಲೇಶ್ವರದವರಿಗೆ ಕೈಮುಗಿದು ಬರಲು ಗ್ಯಾಲರಿ ಹತ್ತಿದರು. ಹತ್ತಿದಷ್ಟೇ ಬೇಗ ಇಳಿದರು.

“ಜಯಣ್ಣ, ಅಲ್ಲಿ ಯಾರೂ ಇಲ್ಲ. ಒಂದು ಮುರುಕಲು ಹಾರ್ಮೋನಿಯಂ ಇದೆ.”

“ಹೊರಟೋದ್ರಮ್ಮ. ಮೆಟ್ರೋಗೆ ಲೇಟಾಯ್ತು ಅಂದ್ರು.”

“ಗ್ಯಾಲರಿಗೆ ಮೆಟ್ಟಿಲು ಇರೋದು ಒಂದೇ ಕಡೆ,” ಎಂದರು ಸತ್ಯನಾಥ್. “ಅದರ ಬುಡದಲ್ಲೇ ನಾನು ನಿಂತಿದೀನಿ.”

ಸುಗುಣಮ್ಮನ ಮುಖ ಇಳಿದುಹೋಯಿತು. “ಅಯ್ಯನವರೇ, ಈ ದುಡ್ಡು ಬೇಡ. ಇದು ಕೊಟ್ಟಿದ್ದಲ್ಲ, ಮೋಸ ಹೋಗಿದ್ದು.”

ಸತ್ಯನಾಥ್ ತೋಳಲ್ಲಿದ್ದ ಕುಂಬಳಕಾಯಿಯನ್ನು ಮೇಜಿನ ಮೇಲೆ ಇಡಬಹುದಿತ್ತು. ಇಡಲಿಲ್ಲ. “ಕೂಗಿದ್ದು ಕೂಗಿದ್ದೇ ಕಣಮ್ಮ, ಇಸ್ಕೊಳ್ಳಿ. ಸಭೆ ಕೊಡ್ಬೇಕೋ ಬೇಡ್ವೋ ಆಮೇಲೆ ಜಗಳ ಆಡೋಣ.” ಆಮೇಲೆ ಹರಾಜುಗಾರನತ್ತ ತಿರುಗಿದರು. “ಅಲ್ಲಯ್ಯಾ ಜಯಶೀಲ, ಆಸರೆ ಮೇಲೆ ಅಷ್ಟೊಂದು ಪ್ರೀತಿ ಇದ್ರೆ ಬಾಯಿಬಿಟ್ಟು ಕೇಳ್ಬೋದಿತ್ತಲ್ಲ?”

ಹೂಂ ಅಂದಿದ್ದರೆ ಸಾಕಿತ್ತು. ಇಡೀ ಸಭೆ ಅವನನ್ನು ಸಂತನನ್ನಾಗಿ ಮಾಡಲು ತಯಾರಿತ್ತು. ಬಾಯಿ ತೆರೆದ. ಸುಗುಣಮ್ಮ ಅವನನ್ನೇ ನೋಡುತ್ತಿದ್ದರು.

“ಪ್ರೀತಿ ಗೀತಿ ಏನಿಲ್ಲಣ್ಣ,” ಎಂದ, ಬಿನ್ನಿಪೇಟೆ ಹಾಗಿರಲಿ, ಮುಂದಿನ ಬೆಂಚಿಗೂ ಕೇಳದಷ್ಟು ಮೆಲ್ಲಗೆ. “ಆಸರೆ ಯಾವ ಬೀದೀಲಿದೆ ಅಂತಾನೂ ನಂಗೊತ್ತಿಲ್ಲ. ಒಬ್ರೂ ಕೂಗ್ದೇ ಇದ್ರೆ ನನ್ ಮರ್ಯಾದೆ ಹೋಗುತ್ತಲ್ಲ ಅಂತ ನಾನೇ ಕೂಗ್ಬಿಟ್ಟೆ.”