ಕೊಪ್ಪರಿಗೆಗೆ ಬಿದ್ದ ಕಡಲಿನ ಕಲ್ಲುಗಳು

ಮರ್ಗಿಲಾನಿನಿಂದ ಯಾವ ದಿಕ್ಕಿಗೆ ನಡೆದರೂ, ಕಡಲು ಕಾಣುವಷ್ಟರಲ್ಲಿ ನಡೆಯತೊಡಗಿದವನ ಮೊಮ್ಮಗನಿಗೆ ಗಡ್ಡ ನೆರೆತಿರುತ್ತದೆ ಎಂದು ಪಕ್ಕದ ಮನೆಯ ಮುದುಕಿ ಹೋಜರ್ ಬುವಿ ಹೇಳುತ್ತಿದ್ದಳು. ಅಂಥ ಊರಿನಲ್ಲಿ, ರಿಸಾಲತಳ ಮನೆಯ ಅತಿಥಿಕೋಣೆಯಲ್ಲಿ, ಅಟ್ಟಿ ಹಾಕಿದ ರೇಷ್ಮೆ ಕೌದಿಗಳ ಪಕ್ಕದಲ್ಲೇ ನಾನೂರು ಲೀಟರ್ ಕಡಲು ಇತ್ತು.

ಅದನ್ನು ಗಾಜಿನ ತೊಟ್ಟಿಯಲ್ಲಿ ತಂದು ನಿಲ್ಲಿಸಿದವನು ರಿಸಾಲತಳ ಮಗ ಎರ್ಕಿನ್, ಹಲ್ಲು ಕಟ್ಟುವ ಕಸುಬಿನವನು. ಅದನ್ನು ಸಾಯದಂತೆ ಕಾದವಳು ಅವನ ಹೆಂಡತಿ ಮಸ್ತುರಾ. ಬೆಳಗೆದ್ದು ಅಂಗಳ ಗುಡಿಸಿ, ಅತ್ತೆಗೆ ಹಸಿರು ಚಹಾ ಬಸಿದುಕೊಟ್ಟು, ಆಮೇಲೆ ಅವಳು ಕಡಲಿಗೆ ನೀರು ಕುಡಿಸಬೇಕಿತ್ತು. ಆರಿಹೋಗುವುದು ಬರೀ ನೀರು, ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ತುಂಬಿಸಬೇಕಾದದ್ದು ಸೋಸಿದ ಸಿಹಿನೀರು. ಎರಡು ವಾರಕ್ಕೊಮ್ಮೆ ಮಾತ್ರ ನಲವತ್ತು ಲೀಟರ್ ಹಳೆಯದನ್ನು ತೆಗೆದು, ಹಿಂದಿನ ದಿನವೇ ಪೀಪಾಯಿಯಲ್ಲಿ ಉಪ್ಪು ಕದಡಿ ಬೆಚ್ಚಗಿಟ್ಟ ಹೊಸ ನೀರನ್ನು ಹಾಕಬೇಕು. ಹೊಸ ಮೀನು ಬಂದರೆ ಚೀಲದ ಸಮೇತ ತೇಲಿಸಿ, ತೊಟ್ಟಿಯ ನೀರನ್ನು ಹನಿಹನಿಯಾಗಿ ಚೀಲಕ್ಕೆ ಬಿಟ್ಟು ಒಗ್ಗಿಸಬೇಕು. ಒಮ್ಮೆಲೇ ಸುರಿದರೆ ಅದು ಪಕ್ಕಕ್ಕೆ ವಾಲಿ ಪ್ರಾಣ ಬಿಡುತ್ತದೆ. ‘ನನ್ನನ್ನು ಯಾರೂ ಹನಿಹನಿಯಾಗಿ ಒಗ್ಗಿಸಲಿಲ್ಲವಲ್ಲ’ ಎಂದು ಮದುವೆಯಾಗಿ ಮೂರು ವರ್ಷವಾದ ಮಸ್ತುರಾಳಿಗೆ ಒಂದೊಂದು ಸಲ ಅನಿಸುತ್ತಿತ್ತು. ಅಂಥ ಹೊತ್ತಿನಲ್ಲಿ ಅವಳು ಗಾಜಿಗೆ ಹಣೆಯಿಟ್ಟು, ನೀಲಿ ಬೆಳಕಿನಲ್ಲಿ ಹವಳಗಳು ಒಂದೊಂದೇ ಬೆರಳು ಬಿಚ್ಚುವುದನ್ನು ನೋಡುತ್ತ ಕೂತುಬಿಡುತ್ತಿದ್ದಳು.

ಎಲ್ಲ ಹವಳಗಳೂ ಅವಳಿಗೆ ಪ್ರಿಯ, ಒಂದನ್ನು ಬಿಟ್ಟು. ತಾಷ್ಕೆಂಟಿನ ಗೆಳೆಯನೊಬ್ಬ ಕೊಟ್ಟ ಚೆಂದದ ಹವಳದ ಬುಡಕ್ಕೆ ಅಂಟಿಕೊಂಡು, ಯಾರೂ ಕರೆಯದ ನೆಂಟನ ಹಾಗೆ ಬಂದಿತ್ತು ಅದು. ಅಂಗಿಯ ಗುಂಡಿಯಷ್ಟಗಲ, ಕಂದು ಬಣ್ಣ, ಅಂಚಿಗೆ ರೆಪ್ಪೆಯಂಥ ಕೂದಲು. ಮೊದಲು ಅಂಥ ಮೂರು ಬಾಯಿ, ಆಮೇಲೆ ಮೂವತ್ತು, ಆಮೇಲೆ ಲೆಕ್ಕವಿಲ್ಲ. ಕಲ್ಲಿನಿಂದ ಕಲ್ಲಿಗೆ ಹಬ್ಬಿ ಎಡಮೂಲೆಯನ್ನೆಲ್ಲ ನುಂಗಿತು. ಅವಳ ನೆರಳು ಬಿದ್ದರೆ ಸಾಕು, ನೂರು ಬಾಯಿ ಒಟ್ಟಿಗೆ ಮುಚ್ಚಿಕೊಳ್ಳುತ್ತಿದ್ದವು. ಏನೋ ಗೊತ್ತಿದ್ದೂ ಹೇಳದವರ ಹಾಗೆ.

ಮಾರ್ಚ್ ತಿಂಗಳ ಮೊದಲ ವಾರ ಎರ್ಕಿನ್ ಮೊಣಕೈವರೆಗೆ ರಬ್ಬರ್ ಕೈಗವಸು ಹಾಕಿ, ಕಣ್ಣಿಗೆ ಕನ್ನಡಕ ಕಟ್ಟಿ, ಆ ಮೂಲೆಯನ್ನು ಒಡೆದು ತೆಗೆದ. ತುಂಡುಗಳನ್ನು ಬಣ್ಣದ ಡಬ್ಬಿಯೊಂದರಲ್ಲಿ ತುಂಬಿ ಹಿತ್ತಲ ಕೊಟ್ಟಿಗೆಯಲ್ಲಿಟ್ಟ.

“ಬೇಸಿಗೆ ಪೂರ್ತಿ ಒಣಗಲಿ. ಆಮೇಲೆ ನೋಡೋಣ,” ಎಂದ.

“ಬಿಸಿನೀರು ಹುಯ್ದು ತೊಳೆದುಬಿಡ್ಲಾ, ಎರ್ಕಿನ್ ಅಕಾ?”

ಅವನು ಅವಳ ಮಣಿಕಟ್ಟು ಹಿಡಿದುಕೊಂಡ. “ನಿನಗೆ ಕೈ ಮುಗೀತೀನಿ, ಆ ಕೆಲಸ ಮಾತ್ರ ಮಾಡ್ಬೇಡ. ತಾಷ್ಕೆಂಟ್‌ನಲ್ಲಿ ಒಬ್ಬ ಹೀಗೇ ಕಲ್ಲು ಶುದ್ಧ ಮಾಡ್ತೀನಿ ಅಂತ ಅಡುಗೆಮನೇಲಿ ಕುದಿಸಿದ. ಬರೀ ಆವಿ ಕುಡಿದೇ ಮನೆ ಮಂದಿಯೆಲ್ಲ ಆಸ್ಪತ್ರೆ ಸೇರಿದ್ರು. ಅವನ ಅತ್ತಿಗೆ ಇನ್ನೂ ಎದೆ ಹಿಡ್ಕೊಂಡೇ ನಡೀತಾಳೆ. ಒಣಗಿದ್ರೂ ಅದರ ವಿಷ ಸಾಯಲ್ಲ, ಬೇಯಿಸಿದ್ರೂ ಸಾಯಲ್ಲ.”

“ಓಯಿಜಾನ್‌ಗೆ ಒಂದು ಮಾತು ಹೇಳಿಬಿಡಿ ಮತ್ತೆ.”

“ಹುಚ್ಚಾ ನಿನಗೆ? ಅಮ್ಮನಿಗೆ ವಿಷ ಅಂತ ಗೊತ್ತಾದ್ರೆ ತೊಟ್ಟಿನೂ ಬೀದಿಗೆ, ನಾನೂ ಬೀದಿಗೆ. ಕೊಟ್ಟಿಗೆ ಕಡೆ ಅವಳು ಬರೋದೇ ಇಲ್ಲ ಬಿಡು. ನೀನು ಬಾಯಿ ಬಿಡ್ಬೇಡ.”

ಅವಳು ಬಾಯಿ ಬಿಡಲಿಲ್ಲ.

ವಸಂತದ ಹೊಸವರ್ಷದ ಹಬ್ಬ ನವ್‌ರೋಜ್ ಬಂತು. ಆ ವರ್ಷದ ಸುಮಲಕ್ ನಮ್ಮ ಅಂಗಳದಲ್ಲೇ ಕುದಿಯಬೇಕು ಎಂದು ರಿಸಾಲತ್ ಹರಕೆ ಹೊತ್ತಿದ್ದಳು. ಮೊಳೆತ ಗೋಧಿಯ ಹಾಲಿಗೆ ಹಿಟ್ಟು, ಎಣ್ಣೆ ಹಾಕಿ, ಒಂದು ಹಗಲು ಒಂದು ರಾತ್ರಿ ಕೈಬಿಡದೆ ತಿರುವಿದರೆ ತಾನೇ ಸಿಹಿಯಾಗುವ ಪಾಯಸ ಅದು. ತಳ ಹಿಡಿಯದಿರಲೆಂದು ಕೊಪ್ಪರಿಗೆಗೆ ಏಳು ಕಲ್ಲು ಹಾಕುತ್ತಾರೆ. ಬಡಿಸುವಾಗ ಯಾರ ಬಟ್ಟಲಿಗೆ ಕಲ್ಲು ಬೀಳುತ್ತದೋ ಅವರು ನೆನೆದದ್ದು ಕೈಗೂಡುತ್ತದೆ. ರಿಸಾಲತ್ ನೆನೆದದ್ದು ಏನೆಂದು ಕೇರಿಗೆಲ್ಲ ಗೊತ್ತಿತ್ತು. ಎದುರುಮನೆಯ ಇನಾಯತ್ ಓಪಾಳ ನಾಲಿಗೆಗಂತೂ ಅದೇ ಎಲೆಅಡಿಕೆ. “ಈ ಮನೇಲಿ ಮೀನು ಮೊಟ್ಟೆ ಇಡುತ್ತೆ, ಸೊಸೆ ನೀರು ಬದಲಾಯಿಸ್ತಾಳೆ,” ಎಂದು ಮಸ್ತುರಾಳ ಎದುರೇ ನಗುತ್ತಿದ್ದಳು. ಹೆಸರಿಡಿದು ಕರೆಯದೆ, ಸೊಸೆ ಎನ್ನುವ ‘ಕೆಲಿನ್’ ಎಂಬ ಮಾತಿನಿಂದಲೇ ಅವಳನ್ನು ಕರೆಯುತ್ತಿದ್ದಳು.

ಅವತ್ತು ಬೆಳಗಿನಿಂದ ಜಿನುಗು ಮಳೆ. ಒಲೆಯ ಸುತ್ತ ನಾಲ್ಕು ಗೂಟ ನೆಟ್ಟು ದಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರು. ಬೆಂಕಿ ಹೊತ್ತಿಸಿ, ಕೇರಿಯ ಹೆಂಗಸರೆಲ್ಲ ಒಳಗೆ ಸೇರಿ, ಸರದಿಯ ಮೇಲೆ ದೋಣಿಯ ಹುಟ್ಟಿನಂಥ ಸೌಟು ಹಿಡಿದು ಹಾಡುತ್ತಿದ್ದರು. ಎರ್ಕಿನ್ ಹೊಸ ಹಳದಿ ಮೀನು ತರಲು ತಾಷ್ಕೆಂಟಿಗೆ ಹೋಗಿದ್ದ. ಮಸ್ತುರಾ ಅತಿಥಿಕೋಣೆಯಲ್ಲಿ ಕಡಲಿನ ನೀರು ಬದಲಾಯಿಸುತ್ತಿದ್ದಳು. “ಅದನ್ನ ಮುಗಿಸಿಯೇ ಬಾ ಮಗಳೇ, ನಿನ್ನ ಸರದಿ ಆಮೇಲೆ,” ಎಂದು ಅತ್ತೆಯೇ ಕಳಿಸಿದ್ದಳು. ಅವತ್ತು ಅತ್ತೆಯ ಮುಖದಲ್ಲಿ ಹುಡುಗಿಯೊಬ್ಬಳು ಏನೋ ಬಚ್ಚಿಟ್ಟುಕೊಂಡಂಥ ಗೆಲುವಿತ್ತು.

ಮಧ್ಯಾಹ್ನದ ಹೊತ್ತಿಗೆ ಮಸ್ತುರಾ ಹಳೆಯ ಉಪ್ಪುನೀರನ್ನು ಹೊತ್ತು ಹಿತ್ತಲಿಗೆ ಬಂದಳು. ಗಿಡಗಳ ಬುಡಕ್ಕೆ ಚೆಲ್ಲುವಂತಿಲ್ಲ, ಕೊಟ್ಟಿಗೆಯ ಹಿಂದಿನ ಮೋರಿಗೇ ಹಾಕಬೇಕು. ಕೊಟ್ಟಿಗೆಯ ಬಾಗಿಲು ಅರೆತೆರೆದಿತ್ತು.

ಬಣ್ಣದ ಡಬ್ಬಿಯಲ್ಲಿ ಅರ್ಧಕ್ಕಿಂತ ಕಡಿಮೆ ಕಲ್ಲುಗಳಿದ್ದವು. ಪಕ್ಕದಲ್ಲಿ ತಂತಿಬ್ರಷ್ಷು. ಅದರ ಹಲ್ಲುಗಳ ಸಂದಿಯಲ್ಲಿ ಒಣ ಚರ್ಮದಂಥ ಕಂದು ಚೂರುಗಳು ಸಿಕ್ಕಿಕೊಂಡಿದ್ದವು.

ಬಕೆಟ್ಟು ಕೈಯಿಂದ ಜಾರಿದ್ದು ಅವಳಿಗೆ ಗೊತ್ತಾಗಲಿಲ್ಲ. ಉಪ್ಪುನೀರು ಪಾದದ ಮೇಲೆ ಹರಿದಾಗ ಎಚ್ಚರವಾಗಿ, ಅಂಗಳಕ್ಕೆ ಓಡಿದಳು.

ಪ್ಲಾಸ್ಟಿಕ್ ಹಾಳೆಯೊಳಗೆ ಆವಿ ಕಟ್ಟಿ, ಹೆಂಗಸರ ಮುಖಗಳು ಮಂಜಿನಲ್ಲಿ ತೇಲಿದಂತೆ ಕಾಣುತ್ತಿದ್ದವು. ಹಾಡು ನಿಂತಿತ್ತು. ಯಾರೋ ಕೆಮ್ಮಿದರು. ಹೋಜರ್ ಬುವಿ ಮೂಲೆಯ ಮಣೆಯಲ್ಲಿ ಕೂತು ಮತ್ತೆ ಮತ್ತೆ ಉಗುಳುತ್ತಿದ್ದಳು.

“ಏನಾಯ್ತು ಬುವಿ?”

“ಏನೋ ತಾಯಿ, ಬಾಯೆಲ್ಲ ತಾಮ್ರದ ತಂಬಿಗೆ ನೆಕ್ಕಿದ ಹಾಗಿದೆ.”

“ನೆಕ್ಕಿರ್ತೀಯ, ನಿನಗೇನು ನೆನಪಿರುತ್ತಾ!” ಎಂದಳು ಇನಾಯತ್. ಎಲ್ಲರೂ ನಕ್ಕರು. ನಗು ಹೋಗಿ ಕೆಮ್ಮಾಯಿತು.

ಮಸ್ತುರಾ ಅತ್ತೆಯ ತೋಳು ಹಿಡಿದಳು. “ಓಯಿಜಾನ್, ಈ ಸಲ ಕಲ್ಲು ಎಲ್ಲಿಂದ ತಂದಿರಿ?”

ರಿಸಾಲತ್ ಸೌಟನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಸೊಸೆಯ ಕಿವಿಗೆ ಬಾಗಿದಳು. “ಕಂಡುಹಿಡಿದೇಬಿಟ್ಟೆಯಾ! ಹಳ್ಳದ ಕಲ್ಲು ಹಾಕಿ ಹಾಕಿ ಎಲ್ಲರೂ ಹಳ್ಳದಷ್ಟೇ ಪಡ್ಕೊಂಡ್ರು. ನಿನಗೆ ಅಂತ ನಾನು ಕಡಲಿನ ಕಲ್ಲು ಹಾಕಿದ್ದೀನಿ. ಏಳು. ಒಂದೊಂದೂ ನೇರಳೆ ಬಣ್ಣ, ಹೂವಿನ ಹಾಗೆ. ಹೊಲಸು ಕಟ್ಟಿತ್ತು, ಮೂರು ಸಲ ಕುದಿನೀರು ಹುಯ್ದು ಉಜ್ಜಿದೆ. ಉಜ್ಜಿ ಉಜ್ಜಿ ಬೆಳಗಿಂದ ಬೆರಳೆಲ್ಲ ಜುಮ್ ಅಂತಿದೆ ನೋಡು.”

ಆ ಬೆರಳುಗಳು ಮಸ್ತುರಾಳ ಕೆನ್ನೆ ಸವರಿದವು. ತಣ್ಣಗಿದ್ದವು.

“ಎಲ್ಲರೂ ಹೊರಗೆ ಬನ್ನಿ,” ಎಂದಳು ಮಸ್ತುರಾ. ಯಾರೂ ತಿರುಗಿ ನೋಡಲಿಲ್ಲ. ಎರಡನೆಯ ಸಲ ಕೂಗಿದಳು. “ಹೊರಗೆ ಬನ್ನಿ! ಆ ಕಲ್ಲಲ್ಲಿ ವಿಷ ಇದೆ. ಆವಿ ಕುಡೀಬೇಡಿ. ದಮ್ಮಯ್ಯ!”

ಸೌಟು ಹಿಡಿದವಳು ತಿರುವುತ್ತಲೇ ಇದ್ದಳು.

“ಕಲ್ಲಿಗೂ ವಿಷವಾ? ಕಚ್ಚುತ್ತೇನೇ ಅದು?” ಇನಾಯತ್ ಸೊಂಟಕ್ಕೆ ಕೈಯಿಟ್ಟಳು. “ರಿಸಾಲತ್, ನಿನ್ನ ಸೊಸೆಗೆ ಮಗು ಬೇಡ ಅಂತ ಕಾಣುತ್ತೆ. ಹರಕೆ ಕೆಡಿಸೋಕೆ ನೆಪ ಹುಡುಕ್ತಿದ್ದಾಳೆ.”

“ಬೆಂಕಿ ಮೇಲೆ ಯಾವ ವಿಷ ಉಳಿಯುತ್ತೆ ಮಗಳೇ?” ಎಂದು ರಿಸಾಲತ್ ಮೆಲ್ಲಗೆ ಕೇಳಿದಳು. ಆಮೇಲೆ ಅವಳ ಮುಖ ಬದಲಾಯಿತು. “ನಿನಗೆ ಯಾವಾಗಿಂದ ಗೊತ್ತು ಇದು?”

ಮಸ್ತುರಾ ತಲೆ ತಗ್ಗಿಸಿದಳು.

“ಗೊತ್ತಿದ್ದೂ ಹೇಳಲಿಲ್ವಾ? ಹಾಗಾದ್ರೆ ಇದು ಸುಳ್ಳು. ನಿಜವಾಗಿದ್ರೆ ನನ್ನ ಮಗ ನನಗೆ ಹೇಳ್ತಿದ್ದ.”

ಮಸ್ತುರಾ ಎರ್ಕಿನನಿಗೆ ಫೋನು ಮಾಡಿದಳು. ಅವನು ಕಣಿವೆಯ ದಾರಿಯಲ್ಲಿದ್ದ, ಕರೆ ಹೋಗಲೇ ಇಲ್ಲ. ಒಬ್ಬಳ ಕೈ ಹಿಡಿದು ಎಳೆದಳು, ಅವಳು ಕೊಸರಿಕೊಂಡಳು. ಅಷ್ಟರಲ್ಲಿ ಕೇರಿಯ ಮಕ್ಕಳು ಬಟ್ಟಲು ಹಿಡಿದು ಅಂಗಳದ ಬಾಗಿಲಿಗೆ ಬಂದರು. ಪಾಯಸವಾಗಲು ಇನ್ನೂ ಒಂದು ರಾತ್ರಿ ಬೇಕು. ಆದರೆ ಮಕ್ಕಳು ಯಾವ ವರ್ಷ ಕಾದಿದ್ದಾವೆ? ಬೆಳಗಿನಿಂದ ಹಾಳೆಯೊಳಗೆ ಅಜ್ಜಿಯ ಮಗ್ಗುಲಲ್ಲೇ ಇದ್ದ ಇನಾಯತಳ ಮೊಮ್ಮಗಳು, ನಾಲ್ಕು ವರ್ಷದವಳು, ಅವಳ ತೋಳಿನಡಿಯಿಂದ ನುಸುಳಿ ಒಲೆಯ ಅಂಚಿನಲ್ಲಿಟ್ಟ ಸಣ್ಣ ಸೌಟಿನತ್ತ ಕೈ ಚಾಚಿದಳು.

“ಒಂದು ಚೂರು ನೆಕ್ಕು, ಏನಾಗಲ್ಲ,” ಎಂದಳು ಇನಾಯತ್, ಮಸ್ತುರಾಳನ್ನೇ ನೋಡುತ್ತ.

ಮಸ್ತುರಾಳಿಗೆ ಆಗ ಒಂದು ವಿಷಯ ಕನ್ನಡಿಯಲ್ಲಿ ಕಂಡಷ್ಟು ನಿಚ್ಚಳವಾಯಿತು. ಕಡಲನ್ನೇ ಕಾಣದ ಈ ಹೆಂಗಸರು ಕಡಲಿನ ವಿಷವನ್ನು ನಂಬುವುದಿಲ್ಲ. ಸಾಯುವವರೆಗೂ ನಂಬುವುದಿಲ್ಲ. ಅವರು ನಂಬುವುದು ಬೇರೆಯದನ್ನು.

ಅವಳು ಬಲಗಾಲಿನ ರಬ್ಬರ್ ಚಪ್ಪಲಿಯನ್ನು ಕಿತ್ತಳು. ಅಟ್ಟೆಗೆ ಕೊಟ್ಟಿಗೆಯ ಸಗಣಿ, ಕೆಸರು ಮೆತ್ತಿತ್ತು. ಮಗುವನ್ನು ಎಡಗೈಯಿಂದ ಹಿಂದಕ್ಕೆ ತಳ್ಳಿ, ಚಪ್ಪಲಿಯನ್ನು ಸುಮಲಕ್‌ನ ಕೊಪ್ಪರಿಗೆಗೆ ಎಸೆದಳು.

ಅದು ಮುಳುಗಲಿಲ್ಲ. ಕಂದು ಗುಳ್ಳೆಗಳ ನಡುವೆ ಮೆಲ್ಲಗೆ ಒಂದು ಸುತ್ತು ತಿರುಗಿತು.

ಆ ಮೇಲಿನ ಕೂಗಾಟ ಅವಳಿಗೆ ನೀರಿನಡಿಯಿಂದ ಕೇಳಿದಂತೆ ಕೇಳಿತು. ತೋಬಾ, ತೋಬಾ ಎಂದರು. ಬಂಜೆ ಎಂದರು. ನೀನು ಹೋದ ಮನೆ ಹಾಳಾಗಲಿ ಎಂದರು. ಇನಾಯತ್ ಅವಳ ಪಾದದ ಬಳಿ ಉಗುಳಿ, ಅಳುವ ಮಗುವನ್ನು ಕಂಕುಳಿಗೇರಿಸಿಕೊಂಡು ನಡೆದಳು. ಹೋಜರ್ ಬುವಿಯನ್ನು ಇಬ್ಬರು ರೆಟ್ಟೆ ಹಿಡಿದು ಎಬ್ಬಿಸಿದರು. ಕೊಪ್ಪರಿಗೆಯ ಸುತ್ತ ನಿಂತಿದ್ದ ಹನ್ನೊಂದು ಹೆಂಗಸರೂ ಅಂಗಳ ದಾಟಿ ಹೊರಟುಹೋದರು. ಅವರ ಬೆನ್ನು ನೋಡುತ್ತ ಮಸ್ತುರಾ, ಹೋಗಿ, ಹೋಗಿ, ಇನ್ನೂ ಬೇಗ ಹೋಗಿ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದಳು.

ರಿಸಾಲತ್ ಹೋಗಲಿಲ್ಲ. ಸೌಟು ಹಿಡಿದು ತಿರುವುತ್ತಲೇ ಇದ್ದಳು.

“ಓಯಿಜಾನ್, ಬನ್ನಿ.”

“ಹೊತ್ತ ಹರಕೆಯನ್ನ ಒಂಟಿಯಾಗಿ ಬಿಡಬಾರದು.” ಕಣ್ಣೀರು ಅವಳ ಗಲ್ಲದಿಂದ ಕೊಪ್ಪರಿಗೆಗೆ ತೊಟ್ಟಿಕ್ಕುತ್ತಿತ್ತು. “ನನ್ನ ಮುಟ್ಬೇಡ. ನಿನ್ನ ಮುಖ ತೋರಿಸ್ಬೇಡ ನನಗೆ.”

ಮಸ್ತುರಾ ತಲೆವಸ್ತ್ರವನ್ನು ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡಳು. ಪ್ಲಾಸ್ಟಿಕ್ ಹಾಳೆಯನ್ನು ಗೂಟದಿಂದ ಹರಿದು ಎಳೆದಳು. ಒಳಗಿದ್ದ ಆವಿ ಒಮ್ಮೆಲೇ ಮಳೆಗೆ ಎದ್ದಿತು. ಉರಿಯುವ ಕೊರಡುಗಳನ್ನು ಒಂದೊಂದಾಗಿ ಒಲೆಯಿಂದ ಜಗ್ಗಿ ಅಂಗಳಕ್ಕೆಸೆದಳು. ಅತ್ತೆ ಬೈಯುತ್ತಿದ್ದಳು. ಬೈಗುಳ ಗೊಣಗಾಯಿತು. ಆಮೇಲೆ ಅದೂ ನಿಂತಿತು.

ತಿರುಗಿ ನೋಡಿದರೆ ರಿಸಾಲತ್ ಸೌಟನ್ನು ಬಿಟ್ಟು, ತನ್ನ ಎರಡು ಕೈಗಳನ್ನೂ ಮುಖದ ಮುಂದೆ ಹಿಡಿದು, ಯಾರದೋ ಕೈಗಳೆಂಬಂತೆ ನೋಡುತ್ತಿದ್ದಳು.

“ಮಗಳೇ,” ಎಂದಳು. “ಒಲೆ ಆರಿಸಿದೆಯಲ್ಲ, ಅದಕ್ಕೇನಾ ಇಷ್ಟೊಂದು ಚಳಿ?”

ಮೊಣಕಾಲು ಮಡಿಸಿ ಕುಸಿದವಳನ್ನು ಮಸ್ತುರಾ ಎದೆಗೆ ಒರಗಿಸಿಕೊಂಡಳು. ಹಲ್ಲು ಕಟಕಟನೆ ಬಡಿಯುತ್ತಿದ್ದವು. ಉಸಿರು ಸಣ್ಣ ಕೊಳವೆಯಲ್ಲಿ ಸಿಕ್ಕಿಕೊಂಡಂತೆ ಸಿಳ್ಳೆ ಹೊಡೆಯುತ್ತಿತ್ತು.

ಮಸ್ತುರಾ ಫೋನು ಮಾಡಿ ಕರೆದ ಆಂಬುಲೆನ್ಸ್ ಬೇಗನೇ ಬಂತು. ವೈದ್ಯ ಇನ್ನೂ ಮೀಸೆ ಬಲಿಯದವನು. ರಿಸಾಲತಳ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಿಡಿದು ಕೇಳಿದ, “ಏನು ತಿಂದ್ರು?”

“ತಿಂದಿಲ್ಲ. ಉಸಿರಾಡಿದ್ರು.” ಮಸ್ತುರಾ ಎಲ್ಲವನ್ನೂ ಹೇಳಿದಳು, ಕಂದು ಹವಳ, ಒಣಗಿದ ಕಲ್ಲು, ಎರ್ಕಿನ್ ಹೇಳಿದ್ದು, ತಾನು ಹೇಳದೆ ಉಳಿದದ್ದು. ಅರೆಮುಚ್ಚಿದ ಕಣ್ಣುಗಳಿಂದ ರಿಸಾಲತ್ ಸೊಸೆಯನ್ನೇ ನೋಡುತ್ತಿದ್ದಳು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ವೈದ್ಯ ಫೋನಿನಲ್ಲಿ ಯಾರಿಗೋ ಹೇಳಿ, ತಿರುಗಿ ಕೇಳಿದ. “ಆವಿ ಹತ್ತಿರ ಇನ್ನೂ ಎಷ್ಟು ಜನ ಇದ್ರು?”

“ಹನ್ನೊಂದು ಹೆಂಗಸರು. ಒಂದು ಮಗು.”

“ಎಲ್ಲಿ ಅವರು?”

“ಅವರವರ ಮನೇಲಿ.”

“ಈಗ್ಲೇ ಹೋಗಿ ಕರೀರಿ. ಎರಡು ಗಾಡಿ ಬರ್ತಿವೆ. ಚೆನ್ನಾಗಿದ್ದೀನಿ ಅಂದವರನ್ನೂ ಬಿಡಬೇಡಿ.”

“ನಾನು ಕರೆದ್ರೆ ಯಾರೂ ಬರಲ್ಲ,” ಎಂದಳು ಮಸ್ತುರಾ. ಹೇಳುತ್ತಲೇ ಹೊರಟಿದ್ದಳು.

ಮಳೆ ನಿಂತು ಬೀದಿ ಹೊಳೆಯುತ್ತಿತ್ತು. ಹಬ್ಬದ ಮಧ್ಯಾಹ್ನ, ಒಂದು ಮನೆಯಿಂದಲೂ ಹಾಡಿಲ್ಲ, ಪಾತ್ರೆಯ ಸದ್ದಿಲ್ಲ. ಒಂದು ಕಾಲು ಬರಿಗಾಲು. ಅವಳು ಎದುರುಮನೆಯ ನೀಲಿ ಬಾಗಿಲನ್ನು ಬಡಿದಳು.

“ಇನಾಯತ್ ಓಪಾ! ನಾನು, ಮಸ್ತುರಾ. ಬೈಯಿರಿ, ಹೊಡೀರಿ, ಆದ್ರೆ ಬಾಗಿಲು ತೆಗೀರಿ.”

ಒಳಗೆ ಯಾರೋ ಗೋಡೆ ಹಿಡಿದು ನಡೆಯುತ್ತಿರುವಂತೆ ಉಜ್ಜುವ ಸದ್ದು. ಅದು ನಿಧಾನವಾಗಿ ಹತ್ತಿರ ಬಂತು. ಚಿಲಕ ಕದಲಿತು. ಅರ್ಧ ಸರಿದು ನಿಂತಿತು. ಮತ್ತೆ ಕದಲಿತು. ಬೆರಳುಗಳು ಕಬ್ಬಿಣದ ಮೇಲೆ ಹಿಡಿತ ಸಿಗದೆ ಜಾರುತ್ತಿರುವುದು ಹೊರಗಿನವರೆಗೂ ಕೇಳಿಸುತ್ತಿತ್ತು.

“ಕೆಲಿನ್,” ಎಂದಿತು ಒಳಗಿನಿಂದ ಇನಾಯತಳ ದನಿ. “ಮಗು ಏಳ್ತಾ ಇಲ್ಲ ಕಣೇ.”

ಮಸ್ತುರಾ ಎರಡು ಹೆಜ್ಜೆ ಹಿಂದಕ್ಕೆ ಸರಿದು, ಭುಜವೊಡ್ಡಿ ಬಾಗಿಲಿನ ಮೇಲೆ ಬಿದ್ದಳು.